ಬಾಸಿಂಗದ ಸಿಪಾಯಿ

ಗಿರಾಕಿಯ ಕಂಕುಳಲ್ಲಿದ್ದ ಕೂಸಿನ ಕೊರಳಿಗೆ ನಾನು ಕೈ ಹಾಕಿದ ಕೂಡಲೇ ಕೂಸು ಕಿಟಾರನೆ ಕಿರುಚಿತು. ಗಿರಾಕಿ ಗಾಬರಿಯಿಂದ ಹಿಂದೆ ಸರಿದಳು. ಒಳಗೆ ಗಾಜು ತಿಕ್ಕುತ್ತ ಕೂತಿದ್ದ ನನ್ನ ಗಂಡ, ಅಂಗಡಿಗೆ ಕಳ್ಳರು ನುಗ್ಗಿದರೇನೋ ಎನ್ನುವಂತೆ ಓಡಿ ಬಂದರು. ಕೇಶ್ವಾಪುರದ ನಮ್ಮ ಕನ್ನಡಕದ ಅಂಗಡಿಯಲ್ಲಿ ನಾನು ಗಿರಾಕಿಗಳ ಮೇಲೆ ರೇಗಿದ್ದುಂಟು. ಕಣ್ಣಿನ ನಂಬರಿನ ಬಗ್ಗೆ ನನಗೇ ಪಾಠ ಹೇಳಲು ಬಂದವರನ್ನು ಹೊರಗೆ ದಬ್ಬಿದ್ದೂ ಉಂಟು. ಆದರೆ ಕೂಸಿನ ಮೈಮೇಲೆ ಎರಗಿದ್ದು ಅದೇ ಮೊದಲು.

"ಏನ್ ಮಾಡಾಕತ್ತೀರಿ ಅಕ್ಕಾರ?" ಎಂದಳು ಆಕೆ.

"ತಪ್ಪ ತಿಳ್ಕೋಬ್ಯಾಡ್ರಿ. ಕೂಸಿನ ಕೊಳ್ಳಾಗ ಐತೆಲ್ಲ, ಅದನ್ನ ಒಂದ್ಸಲ ತೋರಸ್ರಿ," ಎಂದೆ.

ಆಕೆ ಉಣಕಲ್ಲಿನವಳು. ಮನೆಯಲ್ಲೇ ಬ್ಲೌಸು, ಫಾಲು ಹೊಲಿಯುವ ಹೆಂಗಸು. ತನ್ನ ಅಬ್ಬಾನ ಕನ್ನಡಕದ ಕಾಲು ಮುರಿದಿದೆಯೆಂದು, ಮಗಳ ಕೂಸನ್ನು ಎತ್ತಿಕೊಂಡು ರಿಪೇರಿಗೆ ಬಂದಿದ್ದಳು. ಕೂಸಿನ ಕೊರಳಲ್ಲಿ ಕರಿದಾರ, ದಾರದಲ್ಲಿ ದಪ್ಪ ಬೆಳ್ಳಿ ಕಟ್ಟು ಹಾಕಿದ ಒಂದು ಬಿಲ್ಲೆ. ಬಿಲ್ಲೆಯ ಮೇಲೆ ಪೇಟ ಸುತ್ತಿದ ರಾಜನ ಮುಖ. ಆ ಮುಖ ನನಗೆ ನಮ್ಮ ಅತ್ತೆಯ ಮುಖಕ್ಕಿಂತ ಚೆನ್ನಾಗಿ ಪರಿಚಯ. ಹತ್ತಿರದ ಒಂದು ಸಣ್ಣ ಸಂಸ್ಥಾನದ ರಾಜ ಅವನು. ಮೊದಲನೇ ಮಹಾಯುದ್ಧಕ್ಕೆ ಹೋಗಿ ಜೀವ ಉಳಿಸಿಕೊಂಡು ಬಂದ ತನ್ನ ಸಿಪಾಯಿಗಳಿಗೆ ಅವನು ಕೊಟ್ಟ ಪದಕ ಅದು. ಅಷ್ಟೇ ಆಗಿದ್ದರೆ ನಾನು ಕನ್ನಡಕದ ಸ್ಕ್ರೂ ತಿರುಗಿಸುತ್ತ ಕೂತಿರುತ್ತಿದ್ದೆ. ಕೂಸು ಹೊರಳಿತು, ಬಿಲ್ಲೆಯೂ ಹೊರಳಿತು. ಬಿಲ್ಲೆಯ ಬೆನ್ನಿನ ಮೇಲೆ ಎರಡು ಕತ್ತಿ ಇರಬೇಕಾದ ಕಡೆ ಬಾಸಿಂಗ ಇತ್ತು! ಮದುವೆಯಲ್ಲಿ ಹಣೆಗೆ ಕಟ್ಟುವ ಬಾಸಿಂಗ, ಮುತ್ತಿನ ಜಾಲರಿ, ಕುಚ್ಚು ಸಮೇತ.

ನನಗೆ ಹುಚ್ಚು ಹಿಡಿಯುವುದೊಂದು ಬಾಕಿ.

ಯಾಕೆ ಅಂತ ಹೇಳಬೇಕಾದರೆ ಸಕ್ಕರೆ ಆರತಿಯಿಂದ ಶುರು ಮಾಡಬೇಕು. ಗೌರಿ ಹುಣ್ಣಿಮೆಗೆ ನಮ್ಮ ಕಡೆ ಕಟ್ಟಿಗೆಯ ಅಚ್ಚಿನಲ್ಲಿ ಸಕ್ಕರೆ ಪಾಕ ಹೊಯ್ದು ಆನೆ, ಗಿಳಿ, ತೇರು ಮಾಡುತ್ತಾರೆ. ಅಚ್ಚಿಗೆ ಎರಡು ಹೋಳು, ಎರಡನ್ನೂ ಜೋಡಿಸಿ ದಾರ ಕಟ್ಟಿ ಪಾಕ ಹೊಯ್ಯಬೇಕು. ನಾನು ಫ್ರಾಕು ಹಾಕುವ ವಯಸ್ಸಿನಲ್ಲಿ ಒಮ್ಮೆ ಅವ್ವ ಗಡಿಬಿಡಿಯಲ್ಲಿ ಆನೆಯ ಒಂದು ಹೋಳಿಗೆ ಗಿಳಿಯ ಇನ್ನೊಂದು ಹೋಳು ಕಟ್ಟಿಬಿಟ್ಟಳು. ಬಿಚ್ಚಿದಾಗ ಬಂದದ್ದು ಈ ಕಡೆಯಿಂದ ಆನೆ, ಆ ಕಡೆಯಿಂದ ಗಿಳಿ. ಅವ್ವ ಅದನ್ನು ಮುರಿದು ಮತ್ತೆ ಪಾಕಕ್ಕೆ ಹಾಕಲು ಹೊರಟಳು. ನಾನು ಕಸಿದುಕೊಂಡು ಓಡಿದೆ. ಇರುವೆ ಮುತ್ತಿ ಮುಗಿಸುವವರೆಗೂ ನಾನದನ್ನು ತಿನ್ನಲಿಲ್ಲ, ಯಾರಿಗೂ ಕೊಡಲಿಲ್ಲ. ಜಗತ್ತಿನಲ್ಲಿ ಅಂಥದ್ದು ಅದೊಂದೇ ಎಂಬ ಸಂತೋಷಕ್ಕೆ ರಾತ್ರಿಯೆಲ್ಲ ಅದನ್ನು ದಿಂಬಿನ ಹತ್ತಿರವೇ ಇಟ್ಟುಕೊಳ್ಳುತ್ತಿದ್ದೆ.

ಪದಕಗಳಿಗೂ ಹಾಗೇ ಎರಡು ಅಚ್ಚು, ಮುಖಕ್ಕೊಂದು, ಬೆನ್ನಿಗೊಂದು. ನಡುವೆ ಬೆಳ್ಳಿಯ ಬಿಲ್ಲೆ ಇಟ್ಟು ಒತ್ತುತ್ತಾರೆ. ಟಂಕಸಾಲೆಯ ಕೆಲಸಗಾರನ ಕೈ ತಪ್ಪಿ ಒಂದು ಪದಕದ ಮುಖಕ್ಕೆ ಇನ್ನೊಂದರ ಬೆನ್ನು ಬಿದ್ದರೆ ಹುಟ್ಟುವುದನ್ನು ನಮ್ಮಂಥ ಸಂಗ್ರಹಕಾರರು ಹೇಸರಗತ್ತೆ ಎಂದು ಕರೆಯುತ್ತೇವೆ. ಅಪ್ಪ ಒಂದು ಜಾತಿ, ತಾಯಿ ಒಂದು ಜಾತಿ. ಮದುವೆಯಾದ ಹೊಸದರಲ್ಲಿ ಹಳೇ ಹುಬ್ಬಳ್ಳಿಯ ಗುಜರಿ ಅಂಗಡಿಯೊಂದರಲ್ಲಿ ಹಿತ್ತಾಳೆ ಸಾಮಾನಿನ ರಾಶಿಯೊಳಗೆ ನನಗೆ ಮೊದಲನೆಯದು ಸಿಕ್ಕಿತು. ಆವತ್ತಿನಿಂದ ಸೈನ್ಯದ ಪದಕ ಎಲ್ಲಿದ್ದರೂ ನಾನು ಅಲ್ಲಿ. ಸಾದಾ ಪದಕಗಳು ಬೇಕಾದಷ್ಟು ಸಿಕ್ಕವು, ಹೇಸರಗತ್ತೆಗಳು ಕೈಬೆರಳಿಗೆ ಮುಗಿಯುವಷ್ಟು. ಒಂದೊಂದನ್ನೂ ಕನ್ನಡಕದ ಹಳೆಯ ಡಬ್ಬಿಗಳಲ್ಲಿ ಮಖಮಲ್ಲಿನ ಮೇಲೆ ಇಟ್ಟಿದ್ದೇನೆ. ನನ್ನ ಗಂಡ ನೆಂಟರ ಮುಂದೆಲ್ಲ, "ನಮ್ಮಾಕಿಗೆ ಬಂಗಾರ ಬ್ಯಾಡ್ರಿ. ಕತ್ತಿ ಸಾಕೋದು ಆಕಿ ಹವ್ಯಾಸ," ಎಂದು ನನ್ನನ್ನು ಕಾಡುತ್ತಾರೆ. ಅವರು ಕತ್ತಿ ಅನ್ನುವುದು ಕತ್ತೆಗೆ.

ಈ ಸಂಸ್ಥಾನದ್ದು ಎರಡು ಪದಕ ನನ್ನ ಹತ್ತಿರ ಮೊದಲೇ ಇದ್ದವು. ಒಂದು ಯುದ್ಧದ್ದು, ಮುಂದೆ ರಾಜ, ಹಿಂದೆ ಎರಡು ಕತ್ತಿ. ಇನ್ನೊಂದು ಅದೇ ಕಾಲದಲ್ಲಿ ರಾಜಕುಮಾರನ ಮದುವೆಗೆ ಬಂದವರಿಗೆ ಹಂಚಿದ್ದು, ಮುಂದೆ ವಧೂವರರು, ಹಿಂದೆ ಬಾಸಿಂಗ. ಎರಡೂ ಒಂದೇ ಟಂಕಸಾಲೆಯವು ಎಂದು ಗೊತ್ತಿತ್ತು. ಅವೆರಡರ ಹೇಸರಗತ್ತೆ ಹುಟ್ಟಿರಬಹುದು ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಈಗ ಅದು ಕೂಸಿನ ಜೊಲ್ಲು ಮೆತ್ತಿಕೊಂಡು ನನ್ನ ಕೌಂಟರಿನ ಮುಂದೆ ತೂಗಾಡುತ್ತಿತ್ತು.

ಕಪಾಟಿನಿಂದ ಡಬ್ಬಿ ತಂದು, ಭೂತಗನ್ನಡಿ ಹಿಡಿದು, ಅಳುವ ಕೂಸಿನ ಕೈಗೆ ಬಣ್ಣದ ಫ್ರೇಮೊಂದನ್ನು ಕೊಟ್ಟು, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ನನ್ನ ಯುದ್ಧದ ಪದಕದಲ್ಲಿ ರಾಜನ ಪೇಟದ ತುರಾಯಿಯಿಂದ ಅಂಚಿನವರೆಗೆ ಕೂದಲೆಳೆಯಂಥ ಗೆರೆ ಇದೆ. ಅದು ಅಚ್ಚು ಸೀಳಿದ ಗುರುತು, ಆ ಅಚ್ಚಿನಿಂದ ಹುಟ್ಟಿದ ಎಲ್ಲ ಪದಕಕ್ಕೂ ಮಚ್ಚೆಯ ಹಾಗೆ ಬರುತ್ತದೆ. ಕೂಸಿನ ಬಿಲ್ಲೆಯಲ್ಲೂ ಅದೇ ತುರಾಯಿ, ಅದೇ ಗೆರೆ. ತಿರುಗಿಸಿದೆ. ನನ್ನ ಮದುವೆ ಪದಕದ ಬಾಸಿಂಗದಲ್ಲಿ ಎಡಗಡೆಯ ಒಂದು ಮುತ್ತು ಚಪ್ಪಟೆ. ಇಲ್ಲೂ ಚಪ್ಪಟೆ. ಯಾವ ಅಕ್ಕಸಾಲಿಗನ ನಕಲೂ ಅಲ್ಲ, ಟಂಕಸಾಲೆಯ ಹೊಟ್ಟೆಯಿಂದ ಬಂದ ಅಪ್ಪಟ ಮಾಲು. ಗಂಡನ ತೋಳು ಹಿಡಿದು, "ಸಿಕ್ತು ನೋಡ್ರಿ, ಸಿಕ್ತು," ಎಂದೆ. ಅವರು ಆ ಹೆಂಗಸಿಗೆ, "ಇಕಿ ಹಿಂಗನ ರಿ. ಅಂಜಬ್ಯಾಡ್ರಿ, ಕುಂದರ್ರಿ," ಎಂದು ಸ್ಟೂಲು ಕೊಟ್ಟು ಚಹಾ ಹೇಳಿದರು.

ಆಕೆ ಕೂರಲಿಲ್ಲ. "ಅದು ಖೊಟ್ಟಿ ಐತ್ರಿ ಅಕ್ಕಾರ," ಎಂದಳು ಮೆಲ್ಲಗೆ. "ನಮ್ಮ ಮನ್ಯಾಗ ಅದರ ಮಾತ ತಗದ್ರ ಅಬ್ಬಾ ಊಟ ಬಿಟ್ಟ ಏಳತಾರ. ದೃಷ್ಟಿ ಆಗಬಾರದಂತ ಕೂಸಿಗೆ ಕಟ್ಟೂದು ನಮ್ಮ ಪದ್ಧತಿ, ಅದಕ್ಕ ಇಟ್ಟೇವಿ. ಇಲ್ಲಂದ್ರ ಯಾವಾಗೋ ಕರಗಸ್ತಿದ್ವಿ."

"ಖೊಟ್ಟಿ ಅಂತ ಅಂದವರು ಯಾರು?" ಎಂದೆ. ನನಗೆ ಯಾರ ಮೇಲೋ ಸಿಟ್ಟು ಬಂತು.

"ಊರ ಮಂದಿ ಎಲ್ಲಾರೂ."

ಮರುದಿನ ಮುಂಜಾನೆ ಅಂಗಡಿ ಗಂಡನ ತಲೆಗೆ ಕಟ್ಟಿ, ರಿಪೇರಿಯಾದ ಕನ್ನಡಕವನ್ನೂ ನನ್ನ ಎರಡು ಪದಕಗಳನ್ನೂ ತೆಗೆದುಕೊಂಡು ಧಾರವಾಡದ ಬಸ್ಸು ಹತ್ತಿ ಉಣಕಲ್ಲಿಗೆ ಹೋದೆ. ಗಿರಾಕಿಯ ಮನೆಗೆ ನಾನೇ ಕನ್ನಡಕ ಮುಟ್ಟಿಸಲು ಹೋದದ್ದು ಅದೇ ಮೊದಲು ಎಂದು ನನ್ನ ಗಂಡ ಈಗಲೂ ಹೇಳುತ್ತಾರೆ. ಕೆರೆಯ ಹಿಂದಿನ ಓಣಿಯಲ್ಲಿ ಮನೆ. ಆಕೆಯ ಅಬ್ಬಾ ಬಾಗಿಲ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಎಂಬತ್ತು ದಾಟಿದ ಗಟ್ಟಿ ಮನುಷ್ಯ. ರಾಯಾಪುರದ ಗ್ಯಾರೇಜಿನಲ್ಲಿ ಲಾರಿ ಎಂಜಿನ್ ಬಿಚ್ಚಿ ಕಟ್ಟುತ್ತ ಆಯುಷ್ಯ ಕಳೆದವರು. ಓಣಿಯವರೆಲ್ಲ ಚಾಚಾ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ.

ಕನ್ನಡಕ ಹಾಕಿಸಿ, ಕೂಸಿನ ಕೊರಳಿನದನ್ನೂ ಬಿಚ್ಚಿಸಿಕೊಂಡು, ಮೂರೂ ಪದಕಗಳನ್ನು ಅವರ ಮಡಿಲಲ್ಲಿ ಹರಡಿ, ಉಸಿರು ಬಿಡದೆ ಎಲ್ಲ ವಿವರಿಸಿದೆ. ತುರಾಯಿಯ ಗೆರೆ, ಚಪ್ಪಟೆ ಮುತ್ತು, ಎರಡು ಅಚ್ಚು, ಕೈ ತಪ್ಪಿದ ಕೆಲಸಗಾರ. ಇಂಥದ್ದು ಇನ್ನೊಂದು ಇದ್ದದ್ದನ್ನು ನಾನು ಕೇಳಿಲ್ಲ, ಕಂಡಿಲ್ಲ ಎಂದೆ. ಅವರು ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ಚಾಚಾ ತಮ್ಮ ಪದಕ ತಿರುಗಿಸಿ ನೋಡಿ ನನ್ನ ಕೈಗೆ ವಾಪಸು ಕೊಟ್ಟರು.

"ಬೆಳ್ಳಿ ಖರೇ ಅಂತ ನನಗೂ ಗೊತ್ತೈತಿ ಬಾಯಾರ. ನಾ ಕೇಳೂದು ಬ್ಯಾರೆ. ನಮ್ಮ ಅಬ್ಬಾ ಲಡಾಯಿಗೆ ಹೋಗಿದ್ನೋ ಇಲ್ಲೋ?"

ಆ ಪ್ರಶ್ನೆ ನನ್ನ ತಲೆಗೇ ಬಂದಿರಲಿಲ್ಲ.

ಆಮೇಲೆ ಅವರೇ ಹೇಳಿದರು. ಅವರ ತಂದೆಯ ಊರಿನಿಂದ ನಾಲ್ಕೈದು ಮಂದಿ ಸಂಸ್ಥಾನದ ಪಲ್ಟನ್ನಿನಲ್ಲಿ ಸಮುದ್ರ ದಾಟಿ ಹೋಗಿದ್ದರಂತೆ. ಪದಕ ಹಂಚಿದಾಗ ಉಳಿದವರಿಗೆಲ್ಲ ಕತ್ತಿ ಬಂತು, ಇವರ ತಂದೆಗೆ ಬಾಸಿಂಗ. ಊರು ನಕ್ಕಿತು. ಇವರ ತಂದೆ ಬಾಜಾ ಊದುವವರು. ಹಾಗಾಗಿ ಜನರಿಗೆ ಕತೆ ಕಟ್ಟುವುದು ಸುಲಭವಾಯಿತು. ಇವನು ಲಡಾಯಿಗೆ ಹೋಗಲೇ ಇಲ್ಲ, ಹಡಗು ಹತ್ತುವ ಮುಂಚೆ ತಪ್ಪಿಸಿಕೊಂಡು ಎಲ್ಲೋ ಅಡಗಿದ್ದ, ಕೊನೆಗೆ ರಾಜನ ಮಗನ ಲಗ್ನದಲ್ಲಿ ಬಾಜಾ ಊದಿ ಈ ಬಿಲ್ಲೆ ಗಿಟ್ಟಿಸಿದ ಎಂದರು. ಜೊತೆಗೆ ಹೋದವರಾದರೂ ಹೇಳಬಹುದಿತ್ತಲ್ಲ ಎಂದು ನಾನು ಕೇಳಿದೆ. ಅವರನ್ನು ಬೇರೆ ಬೇರೆ ಕಂಪನಿಗೆ ಹಾಕಿದ್ದರಂತೆ, ಅಲ್ಲಿ ಇವರನ್ನು ಕಂಡವರು ಯಾರೂ ಇರಲಿಲ್ಲ. ಬಾಸಿಂಗದ ಸಿಪಾಯಿ ಎಂದು ಹೆಸರು ಬಿತ್ತು. ಆ ಹೆಸರು ಊರಿನಿಂದ ಅವರ ಹಿಂದೆಯೇ ಹುಬ್ಬಳ್ಳಿಗೂ ಬಂತು.

"ನಾ ಸಾಲಿಗೆ ಹೋಗುವಾಗ ಹುಡುಗ್ರು ಹಣಿಗೆ ಹುಲ್ಲ ಕಟ್ಕೊಂಡು ನನ್ನ ಮುಂದ ಬ್ಯಾಂಡ್ ಬಾರಸ್ತಿದ್ರು," ಎಂದರು ಚಾಚಾ. "ಒಂದಿನ ಮನಿಗೆ ಬಂದು ಅಬ್ಬಾನ ಮಾರಿ ಮ್ಯಾಲೆ ಅಂದ್ಬಿಟ್ಟೆ, ನೀ ಸುಳ್ಳ, ನೀ ಎಲ್ಲೂ ಹೋಗಿಲ್ಲ ಅಂತ. ಅಂವ ಬೈಲಿಲ್ಲ, ಹೊಡೀಲಿಲ್ಲ. ಅದಕ್ಕಿಂತ ಮೊದಲ ಲಡಾಯಿ ಕತಿ ಭಾಳ ಹೇಳ್ತಿದ್ದ. ಅವತ್ತಿನಿಂದ ಸಾಯೂಮಟ ಒಂದ ಮಾತ ಆಡಲಿಲ್ಲ. ಈಗ ನೀವು ಬಂದು ಕತ್ತಿ, ಅಚ್ಚು ಅಂತೀರಿ."

ಅವರ ಮಗಳು ಬಾಗಿಲಲ್ಲಿ ನಿಂತು ಸೆರಗಿನಿಂದ ಮೂಗು ಒರೆಸಿಕೊಂಡಳು. ಅಬ್ಬಾ ಹಾಗೆ ಅಂದಿದ್ದ ಸಂಗತಿ ಆಕೆಗೂ ಹೊಸದು. ನಾನು ಪದಕವನ್ನು ಸುಮ್ಮನೆ ಬೆರಳಲ್ಲಿ ಆಡಿಸುತ್ತಿದ್ದೆ. ಹೆಬ್ಬೆರಳು ಬೆಳ್ಳಿ ಕಟ್ಟಿನ ಮೇಲೆ ಸುತ್ತು ಹಾಕಿತು. ಕನ್ನಡಕದ ಗಾಜನ್ನು ಫ್ರೇಮು ಹಿಡಿದಂತೆ ಆ ಕಟ್ಟು ಪದಕದ ಅಂಚನ್ನು ಪೂರ್ತಿ ಮುಚ್ಚಿತ್ತು. ತಟ್ಟನೆ ನನಗೊಂದು ವಿಷಯ ಹೊಳೆಯಿತು.

ಹೇಸರಗತ್ತೆ ಹುಡುಕುವವರಿಗೆ ಒಂದು ಕುರುಡು ಇದೆ. ನಾವು ಮುಖ ನೋಡುತ್ತೇವೆ, ಬೆನ್ನು ನೋಡುತ್ತೇವೆ, ಮತ್ತೆ ಮುಖ, ಮತ್ತೆ ಬೆನ್ನು. ಎರಡೂ ಹೊಂದುವುದಿಲ್ಲ ಎಂದು ಖಾತ್ರಿಯಾದರೆ ನಮ್ಮ ಕೆಲಸ ಮುಗಿಯಿತು. ದಡವನ್ನು, ಅಂದರೆ ಎರಡು ಮುಖಗಳ ನಡುವಿನ ದಪ್ಪವನ್ನು, ನೋಡುವ ಗೋಜಿಗೆ ಹೋಗುವುದಿಲ್ಲ. ನನ್ನ ಕತ್ತಿಯ ಪದಕವನ್ನು ಅಡ್ಡ ಹಿಡಿದೆ. ದಡದ ಸುತ್ತಲೂ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಒಬ್ಬ ಸಿಪಾಯಿಯ ನಂಬರು, ಹೆಸರು, ಕಂಪನಿ. ಮದುವೆ ಪದಕ ಹಿಡಿದೆ. ದಡ ಖಾಲಿ. ಮದುವೆಗೆ ಬಂದ ನೂರಾರು ಮಂದಿಯ ಹೆಸರು ಯಾರು ಕೆತ್ತುತ್ತಾರೆ?

"ಚಾಚಾ," ಎಂದೆ, "ಈ ಕಟ್ಟು ಹಾಕಿಸಿದ್ದು ಯಾವಾಗ?"

"ನಾ ಹುಟ್ಟಿದಾಗರಿ. ನನಗಿಂತ ಮೊದಲಿನ ಕೂಸುಗಳು ಉಳೀಲಿಲ್ಲ. ಅಬ್ಬಾ ತಾನ ಹಳೇ ಹುಬ್ಬಳ್ಳಿಗೆ ಹೋಗಿ ಕಟ್ಟ ಹಾಕಿಸ್ಕೊಂಡ ಬಂದು ನನಗ ಕಟ್ಟಿದನಂತ."

"ಅದರ ಒಳಗ ಅವರ ಹೆಸರು ಇರಬೌದು."

ಚಾಚಾ ನನ್ನನ್ನೇ ನೋಡಿದರು. ನಾನು ನನ್ನ ಪದಕದ ದಡ ತೋರಿಸಿದೆ. ಮಗಳು ಓಡಿ ಬಂದು ಬಗ್ಗಿ ನೋಡಿದಳು. ನನಗಂತೂ ಅಲ್ಲೇ ಅಡುಗೆಮನೆಯ ಚಾಕುವಿನಿಂದ ಕಟ್ಟನ್ನು ಕಿತ್ತುಹಾಕಬೇಕು ಅನ್ನಿಸಿತು. ಆದರೆ ಒಂದು ಮಾತು ಹೇಳಲೇಬೇಕಿತ್ತು. ಕಟ್ಟು ಹಾಕುವಾಗ ಅದು ಬಿಗಿಯಾಗಿ ಕೂರಲಿ ಎಂದು ಎಷ್ಟೋ ಅಕ್ಕಸಾಲಿಗರು ಪದಕದ ದಡವನ್ನೇ ಕಾನಸಿನಿಂದ ತಿಕ್ಕಿ ಸಪಾಟು ಮಾಡುತ್ತಿದ್ದರು. ಹಾಗಾಗಿದ್ದರೆ ಒಳಗೆ ಹೆಸರಿದ್ದರೂ ಅಳಿಸಿಹೋಗಿರುತ್ತದೆ. ಬಿಚ್ಚಿದಾಗ ಖಾಲಿ ಕಂಡರೆ ಅದರಿಂದ ಏನೂ ಸಾಬೀತಾಗುವುದಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದೆ.

ಚಾಚಾ ಪದಕವನ್ನು ನನ್ನ ಕೈಯಿಂದ ತೆಗೆದುಕೊಂಡು ಮಗಳಿಗೆ ಕೊಟ್ಟು, "ಕೂಸಿಗೆ ಕಟ್ಟು ಹೋಗು," ಎಂದರು. ನನ್ನ ಕಡೆ ತಿರುಗಿದರು. "ಬ್ಯಾಡ್ರಿ. ಮುಚ್ಚೇತಿ ಅಂದ್ರ ಇದ್ದರೂ ಇರಬೌದು ಅಂತ ಅನ್ನಾಕ ಬರತೈತಿ. ಬಿಚ್ಚಿ ನೋಡಿ ಖಾಲಿ ಕಂಡಿತಂದ್ರ ನೀವು ಸಾವಿರ ಹೇಳ್ರಿ, ನನ್ನ ಮನಸ ಕೇಳೂದಿಲ್ಲ."

ನಾನು ಸಮಾಧಾನದಿಂದ ಎದ್ದು ಬಂದೆ ಎಂದರೆ ಸುಳ್ಳಾಗುತ್ತದೆ. "ಎಂಜಿನ್ ಬಿಚ್ಚೂ ಮುಂದ ಹಿಂಗ ಅಂಜತಿದ್ರೇನ್ರಿ ಚಾಚಾ?" ಎಂದು ಕೇಳಿಯೇಬಿಟ್ಟೆ. ಅವರು ನಕ್ಕರು. "ಎಂಜಿನ್ ಯಾರದೋ ಇರತಿತ್ತು," ಎಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕುದಿಯುತ್ತ ಬಂದೆ. ಅಂಗಡಿಯಲ್ಲಿ ನನ್ನ ಗಂಡ ಎಲ್ಲ ಕೇಳಿ, "ನಿನಗ ಬೇಕಾದ್ದು ಮುಖ ಮತ್ತ ಬೆನ್ನು. ಅವರಿಗೆ ಬೇಕಾದ್ದು ಅವರಪ್ಪ. ಒತ್ತಾಯ ಮಾಡಬ್ಯಾಡ," ಎಂದರು. ಅವರು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಆದರೆ ಒಂದು ಮಾತಿನಲ್ಲಿ ಅವರು ತಪ್ಪಿದ್ದರು. ಅಷ್ಟು ಹೊತ್ತಿಗೆ ನನಗೆ ಬೇಕಾದ್ದು ಬರೀ ಮುಖ ಮತ್ತು ಬೆನ್ನು ಆಗಿರಲಿಲ್ಲ. ಗಿರಾಕಿಯ ಕಣ್ಣಿಗೆ ಗಾಜು ಇಡುವಾಗ ಕೂಡ ನನಗೆ ಆ ಕಟ್ಟಿನೊಳಗಿನ ಕತ್ತಲೆಯೇ ನೆನಪಾಗುತ್ತಿತ್ತು. ಅಲ್ಲಿ ಅಕ್ಷರ ಇವೆಯೋ ಇಲ್ಲವೋ? ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುವ ಹುಡುಗಿಯ ಹಾಗೆ ಊಟ ಸೇರಲಿಲ್ಲ. ಫೋನು ಬಂದಾಗಲೆಲ್ಲ ಹಾರಿ ಬೀಳುತ್ತಿದ್ದೆ.

ಫೋನು ಬರಲಿಲ್ಲ, ಚಾಚಾ ತಾವೇ ಬಂದರು. ಒಂದು ಮಧ್ಯಾಹ್ನ ಮಗಳು ಮುಂದೆ, ಅವರು ಹಿಂದೆ. ಕೂಸನ್ನು ಕರೆತಂದಿರಲಿಲ್ಲ. ಕೌಂಟರಿನ ಮೇಲೆ ಕರವಸ್ತ್ರ ಬಿಚ್ಚಿ ಪದಕ ಇಟ್ಟರು.

"ಬಿಚ್ಚರಿ," ಎಂದರು.

"ಏನಾತು ಚಾಚಾ?"

"ಏನಾಗೂದೈತಿ? ನನಗ ವಯಸ್ಸಾತು. ನಾಳೆ ನಾ ಹೋಗಿ ಅಲ್ಲಿ ಅಬ್ಬಾನ ಮುಂದ ನಿಂದರಬೇಕಲ್ಲ. ಏನಂತ ನಿಂದರಲಿ? ಖಾಲಿ ಇದ್ರ ಖಾಲಿ. ನೋಡ್ಕೊಂಡ ಹೋಗತೇನಿ."

ನನ್ನ ಗಂಡ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ದೀಪ ಹತ್ತಿರ ತಂದರು. ಫ್ರೇಮಿನಿಂದ ಗಾಜು ಬಿಡಿಸುವುದು ನನ್ನ ನಿತ್ಯದ ಕೆಲಸ, ಕಣ್ಣು ಮುಚ್ಚಿ ಮಾಡುತ್ತೇನೆ. ಆವತ್ತು ಆತುರ ಮಾಡಲಿಲ್ಲ. ಕಟ್ಟಿನ ಬೆಸುಗೆ ಎಲ್ಲಿದೆ ಎಂದು ಭೂತಗನ್ನಡಿಯಲ್ಲಿ ಹುಡುಕಿದೆ. ಬಿಸಿ ಮಾಡಿದರೆ ಪದಕಕ್ಕೆ ಕಲೆಯಾದೀತು, ಆದ್ದರಿಂದ ಫ್ರೇಮು ಕತ್ತರಿಸುವ ಕೂದಲೆಳೆಯಂಥ ಗರಗಸ ತೆಗೆದುಕೊಂಡೆ. ಬೆಸುಗೆಯ ಮೇಲೆ ಒಂದೊಂದೇ ಎಳೆತ. ಬೆಳ್ಳಿಯ ಪುಡಿ ಕಾಗದದ ಮೇಲೆ ಉದುರಿತು. ಭಯ ಇತ್ತು, ಅದಕ್ಕಿಂತ ಹೆಚ್ಚು ಖುಷಿ ಇತ್ತು. ಇಂಥ ಗಳಿಗೆಗೇ ಈ ಹುಚ್ಚು ಹಿಡಿಸಿಕೊಂಡಿದ್ದು ನಾನು.

ಕಟ್ಟು ಟಿಕ್ ಎಂದು ಬಿಟ್ಟಿತು. ಚಿಮಟದಿಂದ ಅಂಚು ಹಿಡಿದು ಸ್ವಲ್ಪ ಅಗಲಿಸಿದೆ. ಕಂಡಷ್ಟು ದಡ ಕಪ್ಪು ಜಿಡ್ಡಿನಿಂದ ತುಂಬಿತ್ತು. ಹತ್ತಿಯ ತುದಿಯಿಂದ ಒರೆಸಿದೆ. ಸಪಾಟು, ಖಾಲಿ. ಇನ್ನಷ್ಟು ಅಗಲಿಸಿದೆ. ಅಲ್ಲೂ ಖಾಲಿ, ಕಾನಸಿನ ಉದ್ದುದ್ದ ಗೀರುಗಳು. ತಲೆ ಎತ್ತುವ ಧೈರ್ಯ ಆಗಲಿಲ್ಲ. ಹತ್ತಿರ ನಿಂತ ಮಗಳ ಉಸಿರು ನನ್ನ ಕಿವಿಗೆ ತಾಗುತ್ತಿತ್ತು. ಆ ಅಕ್ಕಸಾಲಿಗ ಬದುಕಿದ್ದರೆ ಅವತ್ತು ನನ್ನ ಕೈಯಿಂದ ಉಳಿಯುತ್ತಿರಲಿಲ್ಲ.

"ಖಾಲಿ ಏನ್ರಿ?" ಎಂದರು ಚಾಚಾ. ದನಿ ಶಾಂತವಾಗಿತ್ತು.

"ಪೂರ್ತಿ ತಗೀತೇನಿ ತಡೀರಿ," ಎಂದು ಗದರಿದೆ. ಗದರಿದ್ದು ಅವರಿಗಲ್ಲ.

ಕಟ್ಟನ್ನು ಪೂರ್ತಿ ಕಳಚಿದೆ. ಪದಕ ಅಂಗೈಗೆ ಬಿತ್ತು. ಮತ್ತೊಂದು ಕಡೆ ಜಿಡ್ಡು ಇನ್ನೂ ದಪ್ಪ. ಒರೆಸಿದೆ, ಮತ್ತೆ ಒರೆಸಿದೆ. ಹತ್ತಿ ಎಲ್ಲೋ ಸಿಕ್ಕಿಕೊಂಡು ಎಳೆ ಬಿಟ್ಟಿತು. ಸಪಾಟು ಬೆಳ್ಳಿಗೆ ಹತ್ತಿ ಸಿಕ್ಕುವುದಿಲ್ಲ. ಭೂತಗನ್ನಡಿ ಹಿಡಿದೆ. ಒಂದು ಅಂಕಿ. ಅದರ ಪಕ್ಕ ಇನ್ನೊಂದು. ಆಮೇಲೆ ಅಕ್ಷರ, ಅಕ್ಷರ, ಅಕ್ಷರ. ಅಕ್ಕಸಾಲಿಗ ಬೇಕಾದಷ್ಟು ಮಾತ್ರ ತಿಕ್ಕಿ ಉಳಿದ ಕಡೆ ಬಿಟ್ಟಿದ್ದ. ನನ್ನ ಬಾಯಿಂದ ಎಂಥದ್ದೋ ಸದ್ದು ಹೊರಟಿತು. ನನ್ನ ಗಂಡ, "ಏನು, ಏನು?" ಎಂದು ದೀಪವನ್ನು ನನ್ನ ಹಣೆಗೆ ಬಡಿದರು.

ನಾನು ಓದಿಬಿಟ್ಟಿದ್ದೆ. ಆದರೆ ಹೇಳಲಿಲ್ಲ. ಅದು ನಾನು ಓದಿ ಹೇಳುವುದಲ್ಲ. ಚಾಚಾರನ್ನು ನನ್ನ ಕುರ್ಚಿಯಲ್ಲಿ ಕೂರಿಸಿ, ಪದಕವನ್ನು ಅಡ್ಡ ಹಿಡಿದು, ಅಂಗಡಿಯ ದೊಡ್ಡ ಭೂತಗನ್ನಡಿಯನ್ನು ಅವರ ಕಣ್ಣಿಗೆ ಸರಿಯಾಗಿ ಹೊಂದಿಸಿದೆ. "ನಿಧಾನ ಓದ್ರಿ," ಎಂದೆ.

ಲಾರಿಗಳ ನಂಬರು, ಬಿಡಿಭಾಗಗಳ ಹೆಸರು ಓದಿ ಓದಿ ಇಂಗ್ಲಿಷ್ ಅಕ್ಷರ ಕಲಿತವರು ಅವರು. ಮೊದಲು ನಂಬರು ಓದಿದರು. ಆಮೇಲೆ ಒಂದು ಪದದ ಮೇಲೆ ತಡವರಿಸಿದರು. "ಬಿ... ಬಿಗು... ಬಿಗುಲರ್. ಬಿಗುಲರ್ ಅಂದ್ರ?"

"ಪಲ್ಟನ್ನಿನಾಗ ತುತ್ತೂರಿ ಊದಾಂವ," ಎಂದರು ನನ್ನ ಗಂಡ.

"ಹಂಗಾರ ಊದಿದ್ದು ಖರೇ," ಎಂದು ಚಾಚಾ ನಕ್ಕರು. ಮತ್ತೆ ಗಾಜಿಗೆ ಬಗ್ಗಿದರು. ಮುಂದಿನದು ಹೆಸರು. ಒಂದೊಂದೇ ಅಕ್ಷರ ಹೇಳುತ್ತ ಹೋದರು, ಶಾಲೆಯ ಹುಡುಗನ ಹಾಗೆ, ಗಟ್ಟಿಯಾಗಿ. ನಾಲ್ಕನೇ ಅಕ್ಷರಕ್ಕೆ ದನಿ ಒಡೆಯಿತು. ಮಗಳು ಮುಂದಿನ ಅಕ್ಷರ ಹೇಳಿದಳು, ಆಕೆಯ ದನಿಯೂ ಒಡೆಯಿತು. ಉಳಿದದ್ದನ್ನು ಇಬ್ಬರೂ ಸೇರಿ ಓದಿದರು. ಅವರ ಅಬ್ಬಾನ ಪೂರ್ತಿ ಹೆಸರು, ಅದರ ಮುಂದೆ ಕಂಪನಿ, ಅದರ ಮುಂದೆ ಪಲ್ಟನ್ನು. ಯುದ್ಧಕ್ಕೆ ಹೋದವರ ಪದಕಕ್ಕೆ ಮಾತ್ರ ಬರುವ ಬರಹ.

ನಾನು ಅಳುತ್ತಿದ್ದೆ, ನಗುತ್ತಲೂ ಇದ್ದೆ. "ನೋಡ್ರಿ, ಟಂಕಸಾಲ್ಯಾಗ ಯಾವನೋ ಅಚ್ಚು ತಪ್ಪಿ ಇಟ್ಟ, ಅಷ್ಟ. ಹೆಸರು ಕೆತ್ತಿದಾಂವ ತಪ್ಪಿಲ್ಲ. ನಿಮ್ಮ ಅಬ್ಬಾ ಹೋಗಿದ್ರು ಚಾಚಾ, ಹೋಗಿ ಬಂದಿದ್ರು," ಎಂದು ಒಂದೇ ಸಮನೆ ಹೇಳುತ್ತಿದ್ದೆ. ಕಟ್ಟು ಹಾಕುವ ಮುಂಚೆಯೇ ಯಾರಾದರೂ ಇದನ್ನು ಓದಬಾರದಿತ್ತೇ ಎಂದು ಮಗಳು ಕೇಳಿದಳು. ಚಾಚಾ ತಲೆ ಅಲ್ಲಾಡಿಸಿದರು. ಅವರ ತಂದೆಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ಊರಲ್ಲಿ ನಕ್ಕವರಿಗೂ ಬರುತ್ತಿರಲಿಲ್ಲ.

ಆ ಪದಕ ನನ್ನದಾಗಲಿ ಎಂಬ ಆಸೆ ಎಲ್ಲಿ ಹೋಯಿತೋ ನನಗೆ ಗೊತ್ತಿಲ್ಲ. ಇಷ್ಟು ದಿನ ಅದಕ್ಕಾಗಿ ಒಂದು ಖಾಲಿ ಡಬ್ಬಿಯನ್ನೂ ತೆಗೆದಿಟ್ಟಿದ್ದೆ. ಕೇಳುವ ಮನಸ್ಸೇ ಆಗಲಿಲ್ಲ. ಕೈಯಲ್ಲಿ ಹಿಡಿದಿದ್ದೆನಲ್ಲ, ಅಷ್ಟಕ್ಕೇ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅಷ್ಟರಲ್ಲಿ ಅರ್ಧ ಬಾಗಿಲಿನ ಕೆಳಗಿನಿಂದ ಯಾರೋ ತಂಪುಗನ್ನಡಕ ಕೇಳುತ್ತ ತಲೆ ತೂರಿಸಿದರು. ಚಾಚಾ ಕುರ್ಚಿಯಿಂದ ಎದ್ದರು. ಗುರುತು ಪರಿಚಯವಿಲ್ಲದ ಆ ಮನುಷ್ಯನಿಗೆ, "ನಮ್ಮ ಅಬ್ಬಾ ಲಡಾಯಿಗೆ ಹೋಗಿದ್ದ ರಿ," ಎಂದರು. ಆತ ಕಕ್ಕಾಬಿಕ್ಕಿಯಾಗಿ, "ಹೌದೇನ್ರಿ, ಭಾಳ ಛಲೋ ಆತು," ಎಂದು ಹೋದ. ನನ್ನ ಗಂಡ ಗಟ್ಟಿಯಾಗಿ ನಕ್ಕರು. ಎಲ್ಲರೂ ನಕ್ಕೆವು.

ಚಾಚಾರ ನಗು ಮಾತ್ರ ನಡುವೆಯೇ ನಿಂತಿತು. ಅವರು ಕೌಂಟರಿನ ಮೇಲೆ ಬಿದ್ದಿದ್ದ ಬೆಳ್ಳಿ ಕಟ್ಟನ್ನು ಎತ್ತಿಕೊಂಡು, ಅದರ ಒಳಮೈಯನ್ನು ಹೆಬ್ಬೆರಳಿನಿಂದ ಸವರಿದರು. ಅಲ್ಲಿಯೂ ಅಕ್ಷರಗಳ ಗುರುತು ತಿರುವುಮುರುವಾಗಿ ನಸುಕಾಗಿ ಒತ್ತಿಕೊಂಡಿತ್ತು.

"ಬಾಯಾರ," ಎಂದರು, "ನಾ ಸುಳ್ಳ ಅಂದ ದಿನ ಇದು ನನ್ನ ಕೊಳ್ಳಾಗ ಇತ್ತು. ಸಣ್ಣಾಂವ ಇದ್ದೆ, ಇನ್ನೂ ಬಿಚ್ಚಿರಲಿಲ್ಲ. ಅವನ ಹೆಸರ ಕೊಳ್ಳಾಗ ಕಟ್ಕೊಂಡ ನಿಂತು ಅವಗನ ಸುಳ್ಳ ಅಂದೆ."

ಅವರು ಪದಕವನ್ನು ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಎದೆ ಕಿಸೆಯಲ್ಲಿ ಇಟ್ಟುಕೊಂಡರು. ನಾನು ಓಡಿಹೋಗಿ ಆಟೊ ನಿಲ್ಲಿಸಿದೆ. ಮಗಳು ಅವರ ಕೈ ಹಿಡಿದು ಹತ್ತಿಸುತ್ತ, "ಮನಿಗೇನಬ್ಬಾ?" ಎಂದಳು.

"ಮನಿಗಲ್ಲ. ಮೊದಲ ಖಬರಸ್ತಾನಕ್ಕ ನಡಿ," ಎಂದರು ಚಾಚಾ. "ಅಂವ ಹೇಳದ ಬಿಟ್ಟ ಕತಿ ಇನ್ನ ಕೇಳಾಕ ಆಗೂದಿಲ್ಲ. ತಪ್ಪಾತು ಅಂತಾದ್ರೂ ಅಂದ ಬರತೇನಿ."